ಸೂಜಿ ಹುಡುಕುತ್ತಿದ್ದ ಮಾವ

ನನ್ನ ಸೋದರಮಾವ ಟೈಲರ್. ಬೀದಿಗೆ ಮುಖ ಮಾಡಿದ ಹೊಲಿಗೆ ಯಂತ್ರ, ಅದರ ಹಿಂದೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ, ಇಷ್ಟೇ ಅಂಗಡಿ. ಕೆಲವು ಸಲ ಗಿರಾಕಿ ಬಂದಾಗ ಮಾವ ಆ ಮೇಜಿನ ಮೇಲೆ ಮಂಡಿ, ಮೊಣಕೈ ಊರಿಕೊಂಡು, ತಲೆ ತಗ್ಗಿಸಿ, ಸೊಂಟ ಮೇಲೆತ್ತಿಕೊಂಡು ಇರುತ್ತಿದ್ದ. ಏನು ಅಂದರೆ, ಸೂಜಿ ಬಿತ್ತು, ಹುಡುಕುತ್ತಿದ್ದೇನೆ ಅನ್ನುತ್ತಿದ್ದ. ಬೀದಿಯವರು ಅವನಿಗೆ ಸೂಜಿ ಟೈಲರ್ ಅಂತಲೇ ಹೆಸರಿಟ್ಟಿದ್ದರು.

ಸೂಜಿಯೂ ಇಲ್ಲ, ದಾರವೂ ಇಲ್ಲ. ಅವನಿಗೆ ಆಗಾಗ ಹೊಟ್ಟೆ ಹಿಂಡಿದ ಹಾಗೆ ನೋವು ಬರುತ್ತಿತ್ತು. ಹಾಗೆ ಬಗ್ಗಿದರೆ ಒಳಗೆ ಏನೋ ಜಾರಿದಂತಾಗಿ ನೋವು ಬಿಡುತ್ತಿತ್ತು. ತಾನೇ ಕಂಡುಕೊಂಡ ಈ ಉಪಾಯವೇ ಅವನಿಗೆ ಮುಳುವಾಯಿತು. ಆಸ್ಪತ್ರೆಗೆ ಹೊರಡುವ ಮೊದಲು ಬಗ್ಗಿ ನೋವು ಇಳಿಸಿಕೊಳ್ಳುತ್ತಿದ್ದ. ಅಲ್ಲಿ ಸ್ಕ್ಯಾನ್ ಮಾಡಿದರೆ ಎಲ್ಲ ಸರಿಯಾಗಿದೆ ಅನ್ನುತ್ತಿದ್ದರು. ಗ್ಯಾಸಿನ ಮಾತ್ರೆ ಹಿಡಿದುಕೊಂಡು ಇಂಗು ತಿಂದ ಮಂಗನ ಹಾಗೆ ಮನೆಗೆ ಬರುತ್ತಿದ್ದ.

ಅತ್ತೆಯ ಬಾಯಿ ಮೊದಲೇ ಚುರುಕು. ಕೆಲಸ ಜಾಸ್ತಿ ಬಂದಾಗ ಮಾತ್ರ ಇವರಿಗೆ ಹೊಟ್ಟೆನೋವು ಬರುತ್ತದೆ ಅಂತ ನೆಂಟರ ಮುಂದೆಲ್ಲ ಆಡಿ ನಗುತ್ತಿದ್ದಳು. ಅವಳು ಹೇಳಿದ್ದು ಸುಳ್ಳೂ ಅಲ್ಲ. ಶಾಲೆಯ ಸಮವಸ್ತ್ರ ಹೊಲಿಯುವ ದಿನಗಳಲ್ಲಿ ಮಾವ ಮಧ್ಯಾಹ್ನದ ಊಟ ಬಿಟ್ಟು, ಸಂಜೆ ಎರಡು ಹೊತ್ತಿನದನ್ನೂ ಸೇರಿಸಿ ಗಬಗಬ ಉಣ್ಣುತ್ತಿದ್ದ. ನೋವು ಬರುತ್ತಿದ್ದದ್ದು ಆಮೇಲೆ. ಇದನ್ನು ಯಾರೂ ಜೋಡಿಸಿ ನೋಡಲಿಲ್ಲ, ವೈದ್ಯರೂ ಕೇಳಲಿಲ್ಲ.

ಕೊನೆಯ ಸಲ ಎಷ್ಟು ಬಗ್ಗಿದರೂ ನೋವು ಬಿಡಲಿಲ್ಲ. ಮತ್ತೆ ನಾಟಕ ಶುರುವಾಯಿತು ಅನ್ನುತ್ತಾರೆ ಅಂತ ಮಾವ ಹಲ್ಲುಕಚ್ಚಿಕೊಂಡು, ಕೆಲಸ ಇದೆ ಅಂತ ಹೇಳಿ ರಾತ್ರಿ ಅಂಗಡಿಯಲ್ಲೇ ಕಳೆದ. ಮಾರನೆಯ ದಿನ ನಾನು ರವಿಕೆ ತರಲು ಹೋದರೆ, ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಬಕೆಟ್ಟಿನಲ್ಲಿ ಹಸಿರು ವಾಂತಿ. ಮೇಜಿನ ಮೇಲೆ ಮುದುರಿ ಮಲಗಿದ್ದ ಮಾವನ ಹೊಟ್ಟೆ ಊದಿಕೊಂಡು ಬಿಗಿದಿತ್ತು. ಅತ್ತೆಗೆ ಹೇಳಬೇಡ ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆಯನ್ನು ಕರೆಸಿ, ಇಬ್ಬರೂ ಸೇರಿ ಅವನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು.

ನೋವು ಇರುವಾಗಲೇ ಸ್ಕ್ಯಾನ್ ಆದದ್ದು ಅದೇ ಮೊದಲು. ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಕರುಳೆಲ್ಲ ಚೀಲಕ್ಕೆ ತುಂಬಿದ ಹಾಗೆ ಒಂದೇ ಕಡೆ ಗುಡ್ಡೆಯಾಗಿತ್ತು. ಇದು ಹೊರಗೆ ಉಬ್ಬಿ ಕಾಣುವ ಹರ್ನಿಯಾ ಅಲ್ಲ, ಹೊಟ್ಟೆಯ ಒಳಗೇ ಆಗುವಂಥದ್ದು, ಬಹಳ ಅಪರೂಪ ಅಂದರು. ಒಳಪೊರೆಯಲ್ಲಿ ಹುಟ್ಟಿನಿಂದಲೇ ಒಂದು ಸಂದಿ ಇದೆಯಂತೆ. ಕರುಳು ಅದರೊಳಗೆ ನುಗ್ಗುತ್ತಿತ್ತು, ಬಗ್ಗಿದಾಗ ಈಚೆ ಜಾರುತ್ತಿತ್ತು. ಈ ಸಲ ತಿರುಚಿ ಸಿಕ್ಕಿಹಾಕಿಕೊಂಡಿದೆ, ರಕ್ತ ಹರಿಯುತ್ತಿಲ್ಲ, ಈಗಲೇ ಹೊಟ್ಟೆ ತೆರೆಯಬೇಕು ಅಂದರು.

ಇಂಥ ಮಾತು ಕೇಳಿ ಯಾರಾದರೂ ಸಂತೋಷಪಡುತ್ತಾರೆಯೇ? ಮಾವ ಪಟ್ಟ. ಕೇಸು ಗೆದ್ದವನ ಹಾಗೆ ಅತ್ತೆಯ ಕಡೆ ತಿರುಗಿದ.

"ಕೇಳಿಸ್ಕೊಂಡ್ಯಾ? ನಿಜವಂತೆ."

ಅತ್ತೆ ಅವನ ಹೊದಿಕೆ ಸರಿಮಾಡಿದಳು. "ಮೊದ್ಲು ವಾಸಿಯಾಗಿ ಬನ್ನಿ. ಆಮೇಲೆ ಒಪ್ಕೋತೀನಿ."

ಒಳಗೆ ನಡೆದದ್ದನ್ನು ಡಾಕ್ಟರಮ್ಮ ಆಮೇಲೆ ಹೇಳಿದರು. ಸಂದಿಯಿಂದ ಕರುಳನ್ನು ಮೆಲ್ಲಗೆ ಬಿಡಿಸಿ, ಬೆಚ್ಚನೆಯ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಬಣ್ಣ ಮರಳುತ್ತದೆಯೇ ಅಂತ ಕಾದರಂತೆ. ಕೆಲವು ಭಾಗ ಕೆಂಪಾಯಿತು. ಕಪ್ಪಾಗಿಯೇ ಉಳಿದದ್ದನ್ನು ಕತ್ತರಿಸಿ ತೆಗೆದು, ತುದಿಗಳನ್ನು ಜೋಡಿಸಿ, ಸಂದಿಯನ್ನು ಹೊಲಿದು ಮುಚ್ಚಿದರು. ಆದರೆ ಅಷ್ಟರಲ್ಲಿ ನಂಜು ರಕ್ತಕ್ಕೆ ಸೇರಿತ್ತು. ಒಂದು ದಿನ ಮೊದಲು ಬಂದಿದ್ದರೆ ಅಂತ ಶುರುಮಾಡಿದವರು ಅತ್ತೆಯ ಮುಖ ನೋಡಿ ಮಾತು ಬದಲಿಸಿದರು. ಮಾವ ಮತ್ತೆ ಕಣ್ಣು ಬಿಡಲಿಲ್ಲ. ವಾರ ತುಂಬುವುದರೊಳಗೆ ಹೋಗಿಬಿಟ್ಟ.

ಈಗ ಮಾತಾಡಿಸಲು ಬಂದವರು ಚಪ್ಪಲಿ ಬಿಡುವ ಮೊದಲೇ ಅತ್ತೆ ಶುರುಮಾಡುತ್ತಾಳೆ. "ಅವರಿಗೆ ನೋವು ನಿಜವಾಗ್ಲೂ ಇತ್ತು ಕಣ್ರೀ. ಡಾಕ್ಟ್ರು ತೋರಿಸಿದ್ರು, ನಾನೇ ಕಣ್ಣಾರೆ ನೋಡ್ದೆ." ಅವಳನ್ನು ಯಾರೂ ಕೇಳಿರುವುದಿಲ್ಲ. ಇದೇ ಮಾತನ್ನು ಅವನ ಮುಂದೆ ಒಂದೇ ಒಂದು ಸಲ ಆಡಿದ್ದರೆ ಏನು ಗಂಟು ಹೋಗುತ್ತಿತ್ತು ಅಂತ ನನಗೆ ಸಿಟ್ಟು ಒತ್ತರಿಸಿ ಬರುತ್ತದೆ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿ, "ನೀನೂ ಇದ್ದೆ ಅಲ್ವೇನೇ? ಹೇಳೇ ಇವ್ರಿಗೆ" ಅನ್ನುತ್ತಾಳೆ. ಹೌದು ಅತ್ತೆ, ಇದ್ದೆ ಅನ್ನುತ್ತೇನೆ.