ಕಾಕಾನ ಫಿಂಚುಗಳು ಯಾರಿಗೆ ಜಾಗ ಬಿಟ್ಟವು?

ದೆವ್ವ, ಆತ್ಮ, ಗಾಳಿ ಸೋಕುವುದು ಇವನ್ನೆಲ್ಲ ನಂಬುವವರ ಜೊತೆ ನಾನು ವಾದ ಮಾಡಿದಷ್ಟು ನಮ್ಮ ಬಾಗಲಕೋಟೆಯಲ್ಲಿ ಇನ್ಯಾರೂ ಮಾಡಿರಲಿಕ್ಕಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಬಂದ ಲೋಟ, ತಟ್ಟೆಗಳಲ್ಲಿ ಅರ್ಧ ಈ ವಿಷಯದ ಮೇಲೆಯೇ ಬಂದವು. ಯಾರಾದರೂ ತಮ್ಮ ಅನುಭವ ಹೇಳತೊಡಗಿದರೆ ನನ್ನ ಪ್ರಶ್ನೆಗಳು ಸಿದ್ಧ ಇರುತ್ತಿದ್ದವು. ನೀವೇ ಕಂಡಿರೋ, ಕಂಡವರು ಹೇಳಿದ್ದು ಕೇಳಿದಿರೋ? ಬೆಳಕಿತ್ತೋ, ಕತ್ತಲೆಯೋ? ಅವತ್ತು ಮೈಯಲ್ಲಿ ಜ್ವರ ಇತ್ತೋ? ಈ ಜರಡಿಯಲ್ಲಿ ಯಾವ ದೆವ್ವವೂ ಉಳಿಯುತ್ತಿರಲಿಲ್ಲ. ಅಂಥ ನಾನೇ ಈಗ ಒಂದು ಅನುಭವ ಬರೆಯಲು ಕೂತಿದ್ದೇನೆ. ನಾನೇ ಕಂಡದ್ದು, ಹಗಲಿನಲ್ಲಿ, ಮೈ ನೆಟ್ಟಗಿದ್ದಾಗ. ನೀವು ನಂಬಬೇಕೆಂಬ ಒತ್ತಾಯವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ಇಳಕಲ್ಲಿನಲ್ಲಿ ನನ್ನ ಕಾಕಾ, ಅಂದರೆ ತಂದೆಯ ತಮ್ಮ, ರೇಷ್ಮೆ ನೂಲಿನ ಅಂಗಡಿ ಇಟ್ಟಿದ್ದಾರೆ. ಅವರಿಗೂ ಕಾಕಿಗೂ ಮಕ್ಕಳಿಲ್ಲ. ನೂಲು ತರಲು ಸೊಲ್ಲಾಪುರಕ್ಕೆ ಹೋದಾಗ ಒಮ್ಮೆ ಒಂದು ಜೋಡಿ ಫಿಂಚ್ ಹಕ್ಕಿ ತಂದರು. ಗುಬ್ಬಿಗಿಂತ ಚಿಕ್ಕವು, ಕೆಂಪು ಕೊಕ್ಕು, ಬಾಲದ ಮೇಲೆ ಕಪ್ಪು ಬಿಳಿ ಪಟ್ಟಿ. ಕೂಗಿದರೆ ಸಂತೆಯ ಪೀಪಿಯನ್ನು ಯಾರೋ ದೂರದಲ್ಲಿ ಊದಿದಂತೆ. ಪಂಜರದಲ್ಲಿಡಲು ಕಾಕಾಗೆ ಮನಸ್ಸಾಗಲಿಲ್ಲ. ಹಿಂದಿನ ಕೋಣೆಯಲ್ಲಿ ಮೊದಲು ಮಗ್ಗ ಇತ್ತು. ನೇಯುವವರು ಕಾಲು ಇಳಿಬಿಟ್ಟು ಕೂಡುವ ಅದರ ಕುಣಿಗೆ ಹಲಗೆ ಮುಚ್ಚಿ, ಕಿಟಕಿಗೆ ಜಾಲರಿ ಬಡಿದು, ಹಕ್ಕಿಗಳನ್ನು ಕೋಣೆಯ ತುಂಬ ಹಾರಾಡಲು ಬಿಟ್ಟರು. ತೊಲೆಯಿಂದ ನವಣೆಯ ತೆನೆ ಇಳಿಬಿಟ್ಟರು. ಗೂಡು ಕಟ್ಟಲೆಂದು ನೇಕಾರರ ಮನೆಯ ರೇಷ್ಮೆ ಎಳೆಗಳನ್ನು ತಂದು ಬೆರಳುದ್ದಕ್ಕೆ ಕತ್ತರಿಸಿ ಇಡುತ್ತಿದ್ದರು. ಉದ್ದ ಎಳೆ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಹೀಗಾಗಿ ಗೂಡುಗಳೆಲ್ಲ ಇಳಕಲ್ ಸೀರೆಯ ಸೆರಗಿನಂತೆ ಕೆಂಪು. ಕೆಲವು ವರ್ಷಗಳಲ್ಲಿ ಜೋಡಿ ಹೋಗಿ ಹಿಂಡಾಯಿತು.

ಆ ಕೋಣೆಗೆ ಹೋಗುವುದಕ್ಕೆ ಒಂದು ರೀತಿ ಇತ್ತು. ಒಳಗಡೆ ಕಾಕಿಯ ಹಳೆಯ ಸೀರೆಯೊಂದನ್ನು ಬಾಗಿಲಿಗೆ ಪರದೆಯಾಗಿ ಕಟ್ಟಿದ್ದರು. ಹಕ್ಕಿಗಳಿಗೆ ಬಾಗಿಲ ಮೇಲಂಚಿನಲ್ಲಿ ಕೂಡುವ ಚಟ. ತಟ್ಟನೆ ತೆರೆದರೆ ಸಿಕ್ಕು ಸಾಯುತ್ತಿದ್ದವು. ಅದಕ್ಕೆ ಕಾಕಾ ಕೈಯ ಉಂಗುರದಿಂದ ಬಾಗಿಲಿಗೆ ಬಡಿದು, ಸ್ವಲ್ಪ ನಿಂತು, ಆಮೇಲೆ ಒಳಗೆ ಹೋಗುತ್ತಿದ್ದರು. ಆ ಸಪ್ಪಳ ಕೇಳಿದ್ದೇ ತಡ ಹಿಂಡೆಲ್ಲ ಹಾರಿ ಆಚೆ ಗೋಡೆಯ ಹಗ್ಗದ ಮೇಲೆ ಸಾಲಾಗಿ ಕೂಡುವುದು. ಕಾಕಾ ತಮ್ಮ ಕ್ಯಾನ್ವಾಸಿನ ಆರಾಮಕುರ್ಚಿಯಲ್ಲಿ ಕೂತ ಮೇಲೆ ಒಂದೊಂದಾಗಿ ಇಳಿದು ಕುರ್ಚಿಯ ಕೈಗಳ ಮೇಲೆ, ಅವರ ಹೆಗಲ ಮೇಲೆ ಬರುತ್ತಿದ್ದವು. ಕೊಕ್ಕು ಸೊಟ್ಟಗಿದ್ದ ಒಂದು ಗಂಡು ಕುರ್ಚಿಯ ಬೆನ್ನಿನ ಮೇಲೆ ಕೂತು ಅವರ ಕಿವಿಯ ಕೂದಲು ಕೀಳುತ್ತಿತ್ತು. ಮಧ್ಯಾಹ್ನದ ಚಹಾ ಆಗಿ ಮತ್ತೆ ಅಂಗಡಿಗೆ ಹೋಗುವವರೆಗಿನ ಆ ಹೊತ್ತೇ ಕಾಕಾನ ಇಡೀ ದಿನದ ಸುಖ.

“ನಾ ಕರದರ ಕಿವಿ ಕೇಳೂದಿಲ್ಲ, ಗುಬ್ಬಿ ಕರದರ ಓಡತಾರ,” ಎಂದು ಕಾಕಿ ಚಹಾದ ಬಸಿ ತೊಳೆಯುತ್ತ ಅನ್ನುತ್ತಿದ್ದಳು. “ನನಗೂ ದೇವರು ಎರಡು ರೆಕ್ಕಿ ಕೊಡಬೇಕಿತ್ತು ನೋಡು ತಮ್ಮಾ.”

ನನ್ನ ಬಿ.ಎ. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ಅಂದರೆ ೧೯೮೨ರಲ್ಲಿ, ಕಾಕಾನ ಹೊಟ್ಟೆನೋವು ಹೆಚ್ಚಾಗಿ ಮಿರಜಿನಲ್ಲಿ ಆಪರೇಶನ್ ಎಂದು ನಿಶ್ಚಯವಾಯಿತು. ಜೊತೆಗೆ ನನ್ನ ತಂದೆ ಹೋದರು. ಕಾಕಿಗೆ ನೆರವಾಗಿ, ಹಕ್ಕಿಗಳ ಕಾವಲಿಗೆ, ನಾನು ಇಳಕಲ್ಲಿಗೆ ಬಂದೆ. ಬಸ್ಸಿಗೆ ಹೊರಡುವಾಗಲೂ ಕಾಕಾಗೆ ತಮ್ಮ ಹೊಟ್ಟೆಯ ಚಿಂತೆಯಿಲ್ಲ.

“ಲೇ ವಕೀಲ, ಬಾಗಲಾ ಬಡದು ಒಳಗ ಹೋಗು. ಮತ್ತ ಅವಕ್ಕ ಭಾಷಣ ಗೀಷಣ ಹೇಳಬ್ಯಾಡ, ತತ್ತಿ ಬಿಟ್ಟು ಎದ್ದು ಹೋದಾವು.” ಆಮೇಲೆ ದನಿ ಇಳಿಸಿ ಅಂದರು: “ತಿರುಗಿ ಬಂದ್ರ ಮೊದಲ ಅವನ್ನ ನೋಡಾಂವ ನಾ.”

ಆಪರೇಶನ್ ಸುಸೂತ್ರವಾಯಿತೆಂದು ಅಂಗಡಿಯ ಪಕ್ಕದವರ ಫೋನಿಗೆ ಸುದ್ದಿ ಬಂತು. ಅದಾಗಿ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಹಕ್ಕಿಗಳ ಕೋಣೆಯಲ್ಲಿ ಚಾಪೆ ಹಾಸಿ ಓದುತ್ತ ಕೂತಿದ್ದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೆ. ಕಿಟಕಿಯಿಂದ ಸುಡುವ ಬಿಸಿಲು. ಸುತ್ತ ಪೀಪಿಯ ಗದ್ದಲ. ಗದ್ದಲ ಒಮ್ಮೆಲೇ ನಿಂತಿತು. ತಲೆ ಎತ್ತಿದರೆ ಹಿಂಡೆಲ್ಲ ಹಗ್ಗದ ಮೇಲೆ ಸಾಲಾಗಿ ಕೂತಿತ್ತು.

ಬಾಗಿಲು ಬಡಿದದ್ದು ನನಗೆ ಕೇಳಿಸಲಿಲ್ಲ ಎಂದುಕೊಂಡೆ. “ಬರ್ರಿ ಕಾಕಿ,” ಅಂದೆ. ಪರದೆ ಸರಿಸಿ ಚಿಲಕ ತೆಗೆದು ನೋಡಿದೆ. ಪಡಸಾಲೆ ಖಾಲಿ. ಕಾಕಿ ಹಿತ್ತಲಲ್ಲಿ ಶಾವಿಗೆ ಒಣಹಾಕುತ್ತಿದ್ದಳು. ಮತ್ತೆ ಚಿಲಕ ಹಾಕಿ ಒಳಗೆ ತಿರುಗಿದೆ.

ಹಕ್ಕಿಗಳು ಹಗ್ಗದಿಂದ ಇಳಿಯತೊಡಗಿದ್ದವು. ಒಂದೊಂದಾಗಿ ಕಾಕಾನ ಕುರ್ಚಿಯ ಎರಡೂ ಕೈಗಳ ಮೇಲೆ ಕೂತವು. ಬೇರೆ ಹೊತ್ತಿನಲ್ಲಿ ಆ ಖಾಲಿ ಕುರ್ಚಿಯ ತುಂಬ ಓಡಾಡಿ ಹೊಲಸು ಮಾಡುವವು, ಆಗ ನಡುವಿನ ಕ್ಯಾನ್ವಾಸಿನ ಮೇಲೆ ಒಂದೂ ಕಾಲಿಡಲಿಲ್ಲ. ಒಬ್ಬ ಮನುಷ್ಯ ಕೂಡುವಷ್ಟು ಜಾಗ ಬಿಟ್ಟಿದ್ದವು. ಸೊಟ್ಟ ಕೊಕ್ಕಿನದು ಕುರ್ಚಿಯ ಬೆನ್ನಿನ ಮೇಲೆ ಕೂತು, ಕತ್ತು ಚಾಚಿ, ಗಾಳಿಯಲ್ಲಿ ಏನನ್ನೋ ಕೀಳುತ್ತಿತ್ತು. ಕ್ಯಾನ್ವಾಸು ಕೆಳಗೆ ಜಗ್ಗಿತ್ತೇ? ನನಗೆ ಹಾಗೆ ಕಂಡಿತು, ಆದರೆ ಅದನ್ನು ಪ್ರಮಾಣ ಮಾಡಿ ಹೇಳಲಾರೆ.

ಹೊರಗೆ ಬಂದು ನೀರು ಕುಡಿದ ಮೇಲೆ ಬುದ್ಧಿ ಕೆಲಸ ಮಾಡತೊಡಗಿತು. ಇದು ರೂಢಿ. ಬಿಸಿಲು ಆ ಗೋಡೆಗೆ ಬರುವ ಹೊತ್ತಿಗೆ ದಿನವೂ ಕಾಕಾ ಬರುತ್ತಿದ್ದರು. ಬಿಸಿಲು ನೋಡಿ ಹಕ್ಕಿಗಳು ತಮ್ಮ ಪಾಠ ಒಪ್ಪಿಸಿದವು. ಹಾಗಾದರೆ ಕಾಕಾ ಹೋದ ಮರುದಿನದಿಂದ ಯಾಕೆ ಹೀಗೆ ಮಾಡಲಿಲ್ಲ ಎಂದು ಎದುರು ಪಕ್ಷದವನು ಕೇಳಬಹುದಿತ್ತು. ಕೇಳಲು ಅಲ್ಲಿ ಎದುರು ಪಕ್ಷವಿರಲಿಲ್ಲ. ನಾಳೆ ಆ ಕುರ್ಚಿಯಲ್ಲಿ ನಾನೇ ಕೂಡುತ್ತೇನೆ, ರೂಢಿಯಾದರೆ ನನ್ನ ಮೇಲೆ ಬಂದು ಕೂಡುತ್ತವೆ ಎಂದು ತೀರ್ಮಾನಿಸಿದೆ.

ಕೂತೆ. ಮರುದಿನ, ಅದೇ ಬಿಸಿಲಿನಲ್ಲಿ, ಚಿಲಕವನ್ನು ಜಗ್ಗಿ ನೋಡಿ ಕೂತೆ. ಮತ್ತೆ ಗದ್ದಲ ನಿಂತಿತು. ಹಿಂಡು ಹಗ್ಗಕ್ಕೆ ಹೋಯಿತು. ಆದರೆ ಇಳಿಯಲಿಲ್ಲ. ಸಾಲಾಗಿ ಕೂತು ನೋಡುತ್ತಿದ್ದವು. ನನ್ನನ್ನಲ್ಲ. ನನ್ನ ತಲೆಗಿಂತ ಮೇಲೆ, ಕುರ್ಚಿಯ ಹಿಂದೆ ಒಬ್ಬರು ನಿಂತರೆ ಅವರ ಮುಖ ಎಲ್ಲಿರುತ್ತದೋ ಅಲ್ಲಿ. ಬಸ್ಸಿನಲ್ಲಿ ನಮ್ಮ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರೆ ನಾವು ಪಕ್ಕದಲ್ಲಿ ನಿಂತು ಅವರು ಏಳಲೆಂದು ಕಾಯುವುದಿಲ್ಲವೇ, ಹಾಗೆ ನನ್ನ ಬೆನ್ನ ಹಿಂದೆ ಯಾರೋ ಕಾಯುತ್ತಿದ್ದಾರೆ ಅನಿಸಿತು. ಬೆನ್ನು ಕುರ್ಚಿಗೆ ಅಂಟಿಕೊಂಡಿತು. ಹಿಂದಿರುಗಿ ನೋಡಲು ಕತ್ತು ತಿರುಗಲೊಲ್ಲದು. ಹೇಗೆ ಎದ್ದೆನೋ ತಿಳಿಯದು. ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತಾಗ ಹಕ್ಕಿಗಳು ಇಳಿದು ಬಂದು ಕುರ್ಚಿಯ ಕೈಗಳ ಮೇಲೆ ಕೂತವು, ನಡುವೆ ಜಾಗ ಬಿಟ್ಟು.

ಇಲ್ಲಿ ಕಥೆ ಹೇಳುವವರು ಒಂದು ತಾಳೆ ಹಾಕುತ್ತಾರೆ: ಅದೇ ಹೊತ್ತಿಗೆ ಅತ್ತ ಆ ಮನುಷ್ಯನ ಪ್ರಾಣ ಹೋಗಿತ್ತು ಎಂದು. ನನಗೆ ಆ ಅನುಕೂಲವೂ ಇಲ್ಲ. ತಂದೆಯನ್ನು ಆಮೇಲೆ ಸುತ್ತಿ ಬಳಸಿ ಕೇಳಿದೆ. ಆ ಎರಡೂ ಮಧ್ಯಾಹ್ನ ಕಾಕಾ ಮಂಚದ ಮೇಲೆ ಎದ್ದು ಕೂತು ಗಂಜಿ ಕುಡಿದು, ಪಕ್ಕದ ಪೇಶಂಟಿನ ಜೊತೆ ನೂಲಿನ ಮಾತಾಡುತ್ತಿದ್ದರಂತೆ.

ಕಾಕಾ ಬಂದರು. ತೆಳ್ಳಗಾಗಿದ್ದರು, ಮುಖದಲ್ಲಿ ಕಳೆ ಇತ್ತು. ಟಾಂಗಾ ಇಳಿದು ಕೈಕಾಲು ತೊಳೆದದ್ದೇ ಹಿಂದಿನ ಕೋಣೆಗೆ ನಡೆದರು. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಉಂಗುರದಿಂದ ಬಾಗಿಲು ಬಡಿದರು. ಒಳಗೆ ಗದ್ದಲ ನಿಲ್ಲಲಿಲ್ಲ. ಮತ್ತೆ ಬಡಿದರು. ಪರದೆ ಸರಿಸಿದಾಗ ಬಾಗಿಲ ಮೇಲಿನ ಹಕ್ಕಿಗಳು ಚೀರಿ ಚದುರಿದವು, ಯಾರೋ ಅಪರಿಚಿತ ನುಗ್ಗಿದಂತೆ.

“ಗುರ್ತ ಹಿಡೀಲಿಲ್ಲೇನ್ರಿ ನಿಮ್ಮ ಬಳಗ?” ಎಂದು ಕಾಕಿ ಹಿಂದಿನಿಂದ ನಕ್ಕಳು.

ಕಾಕಾ ನಗುತ್ತಲೇ ಹೋಗಿ ಕುರ್ಚಿಯಲ್ಲಿ ಕೂತರು. ಬಿಸಿಲು ಗೋಡೆಗೆ ಬಂದಿತ್ತು. ಗದ್ದಲ ಆಗ ನಿಂತಿತು. ಹಿಂಡು ಹಗ್ಗದ ಮೇಲೆ ಸಾಲಾಗಿ ಕೂತಿತು. ಕಾಕಾ ಹೆಗಲು ಸಡಿಲ ಬಿಟ್ಟು ಕಾದರು. ತುಟಿಯಿಂದ ಚುಚ್ ಚುಚ್ ಎಂದು ಕರೆದರು. ಒಂದೂ ಇಳಿಯಲಿಲ್ಲ. ಕಾಕಿಯ ನಗು ಹೋಯಿತು. ಕಾಕಾ ಮೆಲ್ಲಗೆ ಅಂದರು:

“ನನ್ನ ನೋಡವಲ್ಲವು. ಹಿಂದ ಯಾರೋ ನಿಂತಾರ ಅನ್ನೂಹಂಗ ನೋಡತಾವಲ್ಲೋ.”

ಅಂದು ಸಂಜೆ ಕಟ್ಟೆಯ ಮೇಲೆ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡರು. “ನೀ ವಾದ ಮಾಡಾಂವ. ಏನರ ಹೇಳೋ. ನೀ ಏನ್ ಹೇಳಿದ್ರೂ ನಂಬತೇನಿ ನಾ,” ಅಂದರು. ಔಷಧಿಯ ವಾಸನೆ ಅಂದೆ. ಇಳಿದ ಮೈ, ಬದಲಾದ ದನಿ ಅಂದೆ. ಇಷ್ಟು ದಿನ ನೋಡದೆ ಮರೆತಿವೆ, ಮತ್ತೆ ಹೊಂದಿಕೊಳ್ಳುತ್ತವೆ ಅಂದೆ. ಯಾವ ವೇದಿಕೆಯ ಮೇಲೂ ಅಷ್ಟು ಚೆನ್ನಾಗಿ ಮಾತಾಡಿರಲಿಕ್ಕಿಲ್ಲ. ಕಾಕಾ ತಲೆಯಾಡಿಸುತ್ತ ಪೂರ್ತಿ ಕೇಳಿದರು.

“ಮರತಿದ್ರ ಬ್ಯಾರೆ ಮಾತಿತ್ತು,” ಅಂದರು ಕಡೆಗೆ. “ಮರತಿಲ್ಲೋ. ಅವುಗಳ ಲೆಕ್ಕದಾಗ ನಾ ಮೊದಲ ಬಂದು ಕುಂತುಬಿಟ್ಟೇನಿ. ಈಗ ಬಂದಾಂವ ಯಾರು ಅಂತ ಕೇಳತಾವ.”

ಕಾಕಾ ಇನ್ನೂ ಕೆಲವು ಮಧ್ಯಾಹ್ನ ಹೋಗಿ ಕೂತರು. ಆಮೇಲೆ ಒಂದು ದಿನ ಅರ್ಧಕ್ಕೇ ಎದ್ದು, “ಕೂಡ್ಲಿ ಬಿಡು,” ಎಂದು ಯಾರಿಗೋ ಅಂದಂತೆ ಅಂದು ಹೊರಗೆ ಬಂದರು. ಹಕ್ಕಿಗಳನ್ನು ಹುನಗುಂದದ ಒಬ್ಬ ಗೆಳೆಯರಿಗೆ ಕೊಟ್ಟರು. ಅಲ್ಲಿ ಅವು ಎಲ್ಲ ಹಕ್ಕಿಗಳಂತೆ ಇದ್ದವಂತೆ. ಕುರ್ಚಿಯನ್ನು ಒಡೆಯಲೂ ಇಲ್ಲ, ಕೊಡಲೂ ಇಲ್ಲ. ಆ ಕೋಣೆಯಲ್ಲೇ ಇದೆ.

ನಾನೀಗ ಕಾನೂನು ಓದುತ್ತಿದ್ದೇನೆ. ದೆವ್ವ ಇದೆಯೆಂದು ಈಗಲೂ ಒಪ್ಪುವುದಿಲ್ಲ, ಕೇಳಿದರೆ ವಾದಕ್ಕೂ ನಿಲ್ಲುತ್ತೇನೆ. ಕಾಕಾ ಆರೋಗ್ಯವಾಗಿದ್ದಾರೆ, ಅಂಗಡಿ ನಡೆದಿದೆ, ರಜೆಗೆ ಹೋದರೆ ಎಂದಿನಂತೆ ನನ್ನನ್ನು ಛೇಡಿಸುತ್ತಾರೆ. ಆದರೆ ಎಲ್ಲಿಯೇ ಆಗಲಿ, ಕೂಡುವ ಮುಂಚೆ ಒಮ್ಮೆ ಹಿಂದಿರುಗಿ ನೋಡಿ ಆಮೇಲೆ ಕೂಡುತ್ತಾರೆ. ಹಾಗೆ ಮಾಡುವುದು ಅವರಿಗೇ ಗೊತ್ತಿಲ್ಲ. ಎದುರಿಗೆ ಕೂತು ಮಾತಾಡುವಾಗ ನಾನು ಅವರ ಕಣ್ಣು ನೋಡುತ್ತೇನೆ, ಇಲ್ಲವೇ ನೆಲ ನೋಡುತ್ತೇನೆ. ಅವರ ತಲೆಗಿಂತ ಮೇಲೆ ನೋಡುವುದಿಲ್ಲ.