ಗುಡ್ಡಕ್ಕಾಗಿ ವಿಜಯವಾಡಕ್ಕೆ

ಗಂಡನಿಗೆ ಬಳ್ಳಾರಿಯಿಂದ ವಿಶಾಖಪಟ್ಟಣಕ್ಕೆ ಬ್ಯಾಂಕಿನ ವರ್ಗವಾದಾಗ ನಾನು ಆ ಊರಂಚಿನ ಮಧುರವಾಡದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಲು ಸೇರಿದೆ. ನಮ್ಮ ಅಪಾರ್ಟ್‌ಮೆಂಟಿನ ಹಿಂದೆಯೇ ಕಾಡಿನ ಗುಡ್ಡ. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಸುತ್ತಲೂ ಕಟ್ಟಡಗಳು ಏಳುತ್ತಿದ್ದವು. ಲಾರಿಗಳು ಒಡೆದ ಇಟ್ಟಿಗೆ, ಸಿಮೆಂಟು ತಂದು ಜಿಂಕೆಗಳು ನೀರಿಗೆ ಇಳಿಯುವ ಹಳ್ಳಕ್ಕೇ ಸುರಿಯುತ್ತಿದ್ದವು. ಅರಣ್ಯ ಕಚೇರಿಗೆ ಎಷ್ಟು ಅಲೆದರೂ ಸಾಹೇಬರು ಕ್ಯಾಂಪಿನಲ್ಲಿದ್ದಾರೆ ಎಂಬ ಉತ್ತರವೇ. ಅವರ ಮುಖವನ್ನೂ ನಾನು ಕಂಡಿರಲಿಲ್ಲ.

ಅಷ್ಟರಲ್ಲಿ ವಿಜಯವಾಡದಲ್ಲಿ ಕಾಡುಗಳ ಉಳಿವಿನ ಬಗ್ಗೆ ಹಲವು ದೇಶದವರ ಸಮ್ಮೇಳನ ನಡೆಯಿತು. ಗುಡ್ಡದ ಬಗ್ಗೆ ಮಾತಾಡಲು ನನ್ನನ್ನೂ ಕರೆದರು. ಹೋದರೆ, ನಿರ್ಣಯದ ಒಂದು ಸಾಲಿಗಾಗಿ ಬೆಳಗಿನಿಂದ ಜಗ್ಗಾಟ: ‘ರಕ್ಷಿಸಬೇಕು’ ಎನ್ನಬೇಕೋ, ‘ರಕ್ಷಿಸಲು ಪ್ರಯತ್ನಿಸಬೇಕು’ ಎನ್ನಬೇಕೋ. ನನ್ನನ್ನಂತೂ ಸಮಯವಿಲ್ಲವೆಂದು ಅರ್ಧದಲ್ಲೇ ವೇದಿಕೆಯಿಂದ ಇಳಿಸಿದರು. ಕೂತಲ್ಲಿ ಕೂರಲಾಗದೆ ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದೆ. ಇವರ ಮಾತು ಮುಗಿಯುವುದರೊಳಗೆ ಅಲ್ಲಿ ಹಳ್ಳ ತುಂಬಿರುತ್ತದೆ, ಸಂಜೆಯ ರೈಲಿಗೇ ಬರುತ್ತೇನೆ ಎಂದೆ.

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದವರೊಬ್ಬರು ತಿರುಗಿದರು. “ಬಳ್ಳಾರಿ ಕಡೇರೇನ್ರಿ ಮೇಡಂ? ನಾನು ಕೊಪ್ಪಳದಾವ. ವೈಜಾಗ್‌ನಾಗ ಫಾರೆಸ್ಟ್ ಆಫೀಸರ್ ಅದೀನಿ.”

“ನಿಮ್ಮ ಆಫೀಸಿನ ಬೆಂಚ್ ಸವೆಸೀನ್ರಿ ನಾನು,” ಎಂದೆ.

ಸದಾ ಕ್ಯಾಂಪಿನಲ್ಲಿರುತ್ತಿದ್ದ ಸಾಹೇಬರು ಇವರೇ. ಅವರ ಮುಖ ಸಣ್ಣದಾಯಿತು. ಅಲ್ಲಿಗೆ ಬಂದ ಕೀನ್ಯಾದ ಮಹಿಳೆ, ‘ರಕ್ಷಿಸಬೇಕು’ ಎಂದೇ ಪಟ್ಟು ಹಿಡಿದಿದ್ದವಳು, ವಿಷಯ ಕೇಳಿ ನಕ್ಕಳು. ಅವಳ ಊರಿನ ಅಧಿಕಾರಿಯೂ ಅವಳಿಗೆ ಸಿಕ್ಕಿದ್ದು ಬೇರೆ ದೇಶದ ಇಂಥದೇ ಸಭೆಯಲ್ಲಂತೆ. ನಿರ್ಣಯದ ಪದ ಬಿಗಿಯಾಗಿದ್ದರೆ ಮೇಲಿನವರಿಗೆ ತೋರಿಸಲು ಇಂಥ ಅಧಿಕಾರಿಗೆ ಏನಾದರೂ ಇರುತ್ತದೆ ಎಂದಳು. “ನಿಜಾನೇ ಅಂಡಿ,” ಎಂದು ಸಾಹೇಬರು ನನ್ನತ್ತ ತಿರುಗಿ, ತೆಲುಗು ಬೆರೆಸಿ, ತಲೆಯಾಡಿಸಿದರು. ನಾನು ರೈಲು ಬಿಟ್ಟು ಉಳಿದೆ. ಕೊನೆಗೆ ಅವಳ ಪದವೇ ಗೆದ್ದಿತು.

ಮರುವಾರ ಸಾಹೇಬರು ಗುಡ್ಡಕ್ಕೆ ಬಂದು ನೋಡಿದರು, ಲಾರಿಯ ದಾರಿಗೆ ಅಡ್ಡಲಾಗಿ ಕಂದಕ ತೋಡಿಸಿದರು. ಹಳ್ಳ ಉಳಿಯಿತು. ಆದರೆ ಲಾರಿಗಳು ಗುಡ್ಡದ ಆಚೆಗೆ, ಋಷಿಕೊಂಡದ ಕಡೆಯ ಇಳಿಜಾರಿಗೆ ಹೊರಳಿದವು. ಅದು ಇವರ ವ್ಯಾಪ್ತಿಗೆ ಸೇರಿರಲಿಲ್ಲ, ಬೇರೊಬ್ಬ ಸಾಹೇಬರದು. ನನ್ನ ನಿದ್ದೆ ಮತ್ತೆ ಕೆಟ್ಟಿತು. ಕೊಲಂಬೊದಲ್ಲಿ ಮುಂದಿನ ಸಮ್ಮೇಳನವೆಂದು ಕರೆ ಬಂದಾಗ ಗಂಡ ಕೇಳಿದ, “ಮತ್ತ ಹೋಗಾಕಿ ಏನು?”

“ಆ ಇಳಿಜಾರಿನ ಸಾಹೇಬ್ರು ಅಲ್ಲಿಗೆ ಬರ್ತಾರೇನು, ಮೊದಲು ಕೇಳ್ತೀನಿ,” ಎಂದೆ.