ಟವೆಲಿನಡಿ ಸಿಕ್ಕ ಕೈ

ಈ ಅನುಭವಕ್ಕೆ ನಾನು ತೆತ್ತ ಬೆಲೆ, ಇನ್ನೇನು ಕುದುರಲಿದ್ದ ಒಂದು ಒಳ್ಳೆಯ ಸೀಮೆಹಸುವಿನ ವ್ಯಾಪಾರ ಮತ್ತು ಬಂಗಾರಪೇಟೆ ಕಡೆಯ ದನದ ಸಂತೆಯಲ್ಲಿ ನನಗಿದ್ದ ಹೆಸರು. ವ್ಯಾಪಾರದ ನಡುವೆ ಕೈ ಕಿತ್ತುಕೊಂಡು ಓಡಿದ ದಲ್ಲಾಳಿಯನ್ನು ಯಾರೂ ಮತ್ತೆ ನಂಬುವುದಿಲ್ಲ. ಅದುವರೆಗೆ ದೆವ್ವ, ಶಕುನ ಎಂದವರನ್ನು ಗೇಲಿ ಮಾಡುತ್ತಿದ್ದವನು ನಾನು. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ನಮ್ಮ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲು ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ತಿಳಿಸುತ್ತೇವೆ. ಅವತ್ತು ಬೆಳಿಗ್ಗೆ ಬೂದಿಕೋಟೆ ಕಡೆಯ ಮುದುಕರೊಬ್ಬರ ಕೈ ಹಿಡಿದಿದ್ದೆ. ಉತ್ತು ಒರಟಾದ ಕೈ. ಇದ್ದಕ್ಕಿದ್ದಂತೆ ಅದು ಸಣ್ಣದಾಯಿತು, ತಣ್ಣಗಾಯಿತು. ಕಿರುಬೆರಳು ಸೊಟ್ಟ. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಹಾಗಾದ ಬೆರಳು ನನ್ನ ಮಗಳದು. ಅದು ನನ್ನ ಹೆಬ್ಬೆರಳನ್ನು ಒಮ್ಮೆ ಬಿಗಿಯಾಗಿ ಹಿಡಿದು ಸಡಿಲವಾಯಿತು.

ಟವೆಲು ಎಳೆದೆ. ಮುದುಕರ ಕೈಯೇ ಇತ್ತು.

"ಯಾಕ್ಲಾ, ಆವು ಕಚ್ತಾ?" ಎಂದು ಅವರು ನಕ್ಕರು. "ರೇಟಿಗೆ ಎದ್ರಿದ್ರೆ ಏಳ್ಲಾ, ಇಳಿಸ್ತೀನಿ!"

ಓಡಿ ಬೈಕು ಹತ್ತಿ ಮನೆ ಕಡೆ ಹೊರಟೆ. ಹೆಂಡತಿ ತೀರಿಕೊಂಡ ಮೇಲೆ ಕ್ಯಾಸಂಬಳ್ಳಿ ಪಕ್ಕದ ಮನೆಯಲ್ಲಿ ನಾನು, ಮಗಳು ಇಬ್ಬರೇ. ನಾನು ಸಂತೆಗೆ ಹೋದರೆ ಅವಳೊಬ್ಬಳೇ. ಹೋಗಿ ನೋಡಿದರೆ ಪುಸ್ತಕದ ಮೇಲೆ ಮುಖವಿಟ್ಟು ಬಿದ್ದಿದ್ದಳು. ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಪಕ್ಕದಲ್ಲಿ ಮಾತ್ರೆ ಶೀಟು. ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದೆ. ಬದುಕಿದಳು. ಮಾತ್ರೆ ನಕಲಿ, ಮೇಲೆ ಬರೆದಿರುವುದೇ ಒಂದು, ಒಳಗಿರುವುದೇ ಒಂದು ಎಂದರು ಡಾಕ್ಟರು.

ಎಚ್ಚರವಾದ ಮೇಲೆ ಅವಳೇ ಹೇಳಿದಳು: "ಪರೀಕ್ಷೆ ಭಯಕ್ಕೆ ನಿದ್ದೆ ಬತ್ತಿರ್ಲಿಲ್ಲಪ್ಪ. ಮೆಡಿಕಲ್‌ನಾಗೆ ನಿದ್ದೆ ಮಾತ್ರೆಗೆ ಡಾಕ್ಟ್ರು ಚೀಟಿ ಕೇಳ್ತಾರೆ. ಕಾಲೇಜತ್ರ ಒಬ್ಬ ಅದೇ ಮಾತ್ರೆ ಅಂತ ಕೊಟ್ಟ. ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸ್ದೆ. ನಿನ್ ಮಗಳಲ್ವಾ?"

ನಗಲು ನೋಡಿದಳು. ನನ್ನಿಂದ ಆಗಲಿಲ್ಲ.

ಸಂತೆಯಲ್ಲಿ ಇದನ್ನು ಯಾರಿಗೂ ಹೇಳಿಲ್ಲ. ಈಗ ಹುಣಸೆಮರದ ಕೆಳಗೆ ಒಬ್ಬನೇ ಕೂರುತ್ತೇನೆ, ಮಾತಾಡಿಸುವವರೂ ಕಮ್ಮಿ. ಆ ಮುದುಕರನ್ನು ಹುಡುಕಿ ಇನ್ನೊಮ್ಮೆ ಅವರ ಕೈ ಹಿಡಿದು ನೋಡಿದೆ. ಬರೀ ಒರಟು. ಅವತ್ತು ನನ್ನನ್ನು ಹಿಡಿದದ್ದು ಏನೆಂದು ಇವತ್ತಿಗೂ ತಿಳಿಯದು.

ತಿಳಿದದ್ದನ್ನಷ್ಟೇ ಹೇಳುತ್ತೇನೆ. ಡಾಕ್ಟರ ಚೀಟಿ, ಅಂಗಡಿಯ ಬಿಲ್ಲು ಇಲ್ಲದ ಮಾತ್ರೆ ಗೆಳೆಯರು ಬಿಟ್ಟಿ ಕೊಟ್ಟರೂ ಬೇಡವೆಂದು ಮಕ್ಕಳಿಗೆ ಹೇಳಿ. ಕರೆದರೂ ಏಳದಿದ್ದರೆ ಮಲಗಲಿ ಎಂದು ಬಿಡಬೇಡಿ. ಮಗ್ಗುಲಿಗೆ ತಿರುಗಿಸಿ, 108ಕ್ಕೆ ಫೋನ್ ಮಾಡಿ, ಮಾತ್ರೆ ಶೀಟನ್ನು ಜೊತೆಗೆ ಒಯ್ಯಿರಿ. ಬೈಗುಳ ಆಮೇಲೆ. ಅದಕ್ಕೂ ಮೊದಲು, ರಾತ್ರಿ ನಿದ್ದೆ ಬರುತ್ತಿದೆಯಾ ಎಂದು ಇವತ್ತೇ ಕೇಳಿ. ಕೇಳಿ, ಉತ್ತರ ಬರುವ ತನಕ ಪಕ್ಕದಲ್ಲೇ ಕೂತಿರಿ.